ಎಡಕ್ಕೆ ಸರಿದ ಬಾಯ್ಲರ್

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಕಾಲುವೆಗಳ ನಕ್ಷೆ ಬರೆಯುತ್ತಲೇ ನೌಕರಿ ಮುಗಿಸಿದವನು, ನಿವೃತ್ತಿಯ ಮರುದಿನವೇ ಸಿಂಧನೂರಿನ ಮನೆಯ ಮೇಜು ಹಿಡಿದು ಹಿತ್ತಾಳೆ ತಗಡು ಕತ್ತರಿಸತೊಡಗಿದೆ. ಉಗಿಬಂಡಿಯ ಪುಟ್ಟ ಮಾದರಿಗಳನ್ನು ಮಾಡುವ ಹುಚ್ಚು ನನಗೆ. ಅದೂ ಜನ ಹತ್ತುವ ರೈಲಿನವಲ್ಲ, ಹಿಂದೆ ಕಾಡಿನಿಂದ ಮರದ ದಿಮ್ಮಿ ಎಳೆದು ತರುತ್ತಿದ್ದ ಇಂಜಿನ್‌ಗಳು. ಸುತ್ತ ಭತ್ತದ ಗದ್ದೆಗಳಿರುವ ಊರಲ್ಲಿ ದಿಮ್ಮಿ ಬಂಡಿ ಯಾಕೆ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಈ ಸಲದ್ದು ಎಲ್ಲಕ್ಕಿಂತ ವಿಚಿತ್ರ. ಸಿಲಿಂಡರು, ಉದ್ದನೆಯ ದಂಡ, ಹಲ್ಲಿನ ಚಕ್ರ ಎಲ್ಲವೂ ಬಲಮಗ್ಗುಲಲ್ಲೇ. ಆ ಭಾರಕ್ಕೆ ಬಂಡಿ ವಾಲದಿರಲೆಂದು ಬಾಯ್ಲರನ್ನು ನಡುವಿನಿಂದ ಎಡಕ್ಕೆ ಸರಿಸಿ ಕೂರಿಸುತ್ತಾರೆ. ಹಲ್ಲಿನ ಚಕ್ರಗಳನ್ನು ಹಳೆಯ ಗಡಿಯಾರದಿಂದ, ಮೋಟರನ್ನು ಮುರಿದ ಆಟಿಕೆ ಕಾರಿನಿಂದ ಕಿತ್ತಿದ್ದೆ.

ಬಾಯ್ಲರಿನ ಬೆಸುಗೆಯೊಂದು ಬಾಕಿ ಇದ್ದಾಗ ನನ್ನ ಬಲಗೈ ನಡುಗತೊಡಗಿತು. ಹೆದರಿದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಮೇಜಿನ ಮೇಲೆ ಅವಳ ಹೊಲಿಗೆ ಯಂತ್ರ ಬಂದು ಕೂರುತ್ತದೆ, ನಾನು ಕುರ್ಚಿ ಹಿಡಿದು ಸುಮ್ಮನೆ ಕೂರಬೇಕಾಗುತ್ತದೆ. ಮೊದಲೇ ಅವಳಿಗೆ ಆ ಮೇಜಿನ ಮೇಲೆ ಕಣ್ಣು. ಈಚೆಗೆ ಚಹಾ ಕೂಡ ಅರ್ಧ ಕಪ್ಪೇ ಕೊಡುತ್ತಿದ್ದಳು. ಅದೇ ಸಿಟ್ಟಿಗೆ ಎಂದುಕೊಂಡಿದ್ದೆ.

ಪರಿಚಯದವರ ಕಣ್ಣು ತಪ್ಪಿಸಿ ಲಿಂಗಸುಗೂರಿನ ಡಾಕ್ಟರರ ಬಳಿ ಹೊರಟೆ. ದಾರಿಯಲ್ಲಿ ಮಸ್ಕಿಯಲ್ಲಿಳಿದು, ಹಿತ್ತಾಳೆ ಪಾತ್ರೆಗೆ ಬೆಸುಗೆ ಹಾಕುವ ಚಾಚಾನ ಕೈಗೆ ಇಂಜಿನ್ ಕೊಟ್ಟೆ. ಬಾಯ್ಲರ್ ಕೂರಬೇಕಾದಲ್ಲಿ ಗೆರೆ ಕೊರೆದಿದ್ದೆ. ಬಸ್ಸಿನ ಅವಸರದಲ್ಲಿ, ಅದು ಎಡಕ್ಕೇ ಇರಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ.

"ಈ ನಡುಕ ಪೂರ್ತಿ ಹೋಗಂಗಿಲ್ರಿ. ಗುಳಿಗಿ ತಗೊಂಡ್ರ ಹಿಡಿತದಾಗ ಇರ್ತೈತಿ," ಎಂದರು ಡಾಕ್ಟರು.

ಮರಳುವಾಗ ಚಾಚಾ ಇಂಜಿನ್ ಒರೆಸಿ ಕೊಟ್ಟ. "ನಿಮ್ಮ ಗೆರಿ ಸೊಟ್ಟ ಬಿದ್ದಿತ್ತು ಸಾಬ್. ನಾನ ಸೀದಾ ನಡುವ ಕುಂದ್ರಿಸೀನಿ."

ಅವನ ಒಳ್ಳೆಯತನಕ್ಕೆ ಬೈಯಲೂ ಆಗಲಿಲ್ಲ. ಗೆರೆ ಎಳೆದೇ ಅನ್ನ ತಿಂದವನ ಗೆರೆ ಸೊಟ್ಟವಂತೆ! ಕೂರಲು ಸೀಟಿದ್ದರೂ ಸಿಂಧನೂರಿನವರೆಗೆ ನಿಂತೇ ಬಂದೆ.

ಮನೆಯಲ್ಲಿ ನಾನೇ ಜೋಡಿಸಿದ್ದ ಪುಟ್ಟ ಹಳಿಯ ಮೇಲಿಟ್ಟರೆ ಮೊದಲ ತಿರುವಿನಲ್ಲೇ ಇಂಜಿನ್ ಬಲಕ್ಕೆ ಉರುಳಿತು. ತಾಳ್ಮೆ ಕೆಟ್ಟು ನಾನೇ ಬೆಸುಗೆ ಕಡ್ಡಿ ಕಾಯಿಸಿದೆ. ಬಾಯ್ಲರ್ ಬಿಚ್ಚಿಕೊಂಡು ಬಂತು. ಮತ್ತೆ ಕೂರಿಸಹೋದರೆ ಕಡ್ಡಿಯ ತುದಿ ಕುಣಿದು ಕರಗಿದ ಬೆಸುಗೆಯೆಲ್ಲ ಮೇಜಿನ ಮೇಲೆ ಬಿತ್ತು. ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಅವಳು ಬಂದು ಕಡ್ಡಿಯನ್ನು ತೆಗೆದುಕೊಂಡಳು. "ಎಲ್ಲಿ ಇಡಬೇಕು, ಬಾಯಿಲೆ ಹೇಳ್ರಿ."

"ಎಡಕ್ಕ. ಆ ಗೆರಿ ಮ್ಯಾಲೆ."

ಸೊಟ್ಟ ಯಾಕೆ ಎಂದು ಅವಳು ಕೇಳಲಿಲ್ಲ. ಗೆರೆಯ ಮೇಲೆಯೇ ಇಟ್ಟಳು. ಹೊಲಿಗೆಯ ಕೈ, ಚೂರೂ ಅಲುಗಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣಲ್ಲಿ ನೀರೂ ಬಂತು. ಆರಿದ ಮೇಲೆ ಹಳಿಗಿಟ್ಟೆವು. ಇಂಜಿನ್ ಗುರುಗುಟ್ಟುತ್ತ ತಿರುವು ದಾಟಿತು, ಬೀಳಲಿಲ್ಲ.

"ನನ್ನ ಕೈ..." ಎಂದು ಶುರುಮಾಡಿದೆ.

"ಗೊತ್ತೈತಿ ಬಿಡ್ರಿ," ಎಂದಳು. "ಚಹಾ ಅರ್ಧ ಕಪ್ಪು ಯಾಕ ಕೊಡಾಕತ್ತೀನಿ ಅಂತ ತಿಳ್ಕೊಂಡೀರಿ? ತುಂಬ ಹಾಕಿದ್ರ ಚೆಲ್ಕೊಂತೀರಿ. ಇನ್ನರ್ಧ ಒಲಿ ಮ್ಯಾಲ ಇರ್ತಿತ್ತು. ನೀವು ಒಂದಿನಾನೂ ಕೇಳಲಿಲ್ಲ."

ಅಂದು ಆ ಇನ್ನರ್ಧ ಕಪ್ಪು ಕೇಳಿದೆ.