ಅರ್ಧ ಚೀಲದ ಅನುಮಾನ

ಗಂಡನ ಜೊತೆ ದೇಶ ಬಿಟ್ಟು ಸೆಂಗ್‌ಕಾಂಗ್‌ನ ಬಾಡಿಗೆ ಫ್ಲ್ಯಾಟಿಗೆ ಬಂದ ಮೊದಲ ಭಾನುವಾರ ಪಕ್ಕದ ಮನೆಯ ಬಾಗಿಲ ಸಂದಿಯಿಂದ ಗಂಜಿ ಕುದಿಯುವ ವಾಸನೆ ಬಂತು. ಗದಗಿನಲ್ಲಾದರೆ ಒಳಗೆ ಯಾರೋ ಬಾಣಂತಿ ಇದ್ದಾಳೆ ಅಂದುಕೊಳ್ಳುತ್ತಿದ್ದೆ. ಇಲ್ಲಿ ಹೊರಗೆ ಬಂದವರು ಲಿಮ್ ಅಂಕಲ್, ನಿವೃತ್ತ ಗಣಿತದ ಮೇಷ್ಟ್ರು, ಕೈಯಲ್ಲಿ ಮರದ ಸೌಟು. "ಬಿಯರ್," ಅಂದರು, ಸಾರು ಅಂದಷ್ಟೇ ಸಲೀಸಾಗಿ. ನಮ್ಮ ಕಡೆ ಮನೆಯಲ್ಲಿ ಇಂಥದ್ದು ಕಾಯಿಸಿದರೆ ಪೊಲೀಸರು ಬರುತ್ತಾರೆ. ಇಲ್ಲಿ ಮನೆಮಟ್ಟಿಗೆ ಮಾಡಿಕೊಳ್ಳಲು ಕಾನೂನೇ ಒಪ್ಪುತ್ತದಂತೆ. ನಾನು ನಂಬಲಿಲ್ಲ. ಸರ್ಕಾರದ ವೆಬ್‌ಸೈಟ್ ಹುಡುಕಿ ಓದಿದ ಮೇಲೇ ಸಮಾಧಾನವಾದದ್ದು.

ಅನುಮಾನವೇ ನನ್ನ ಹೊಟ್ಟೆಪಾಡು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ದೇಶ ಬಿಟ್ಟ ಮೇಲೆ ಆ ಗುಣ ಇನ್ನೂ ಚಿಗುರಿತು. ಮನೆ ತೋರಿಸಿದ ಏಜೆಂಟರೆಲ್ಲ "ಹೆವಿ ಕುಕಿಂಗ್ ಮಾಡ್ತೀರಾ?" ಎಂದು ಕೇಳುತ್ತಿದ್ದರು. ನಿಮ್ಮ ಒಗ್ಗರಣೆ ನಮಗೆ ಬೇಡ ಎಂಬುದನ್ನು ನಯವಾಗಿ ಹೇಳುವ ಬಗೆ ಅದು. ಗದಗಿನಲ್ಲಿ ಹಗಲೆಲ್ಲ ಬಾಗಿಲು ತೆರೆದೇ ಇರುತ್ತದೆ, ಸಕ್ಕರೆ ಕೇಳಲು ಬಂದವರು ಊಟ ಮಾಡಿ ಹೋಗುತ್ತಾರೆ. ಇಲ್ಲಿ ಉದ್ದದ ಕಾರಿಡಾರಿನಲ್ಲಿ ನನಗೆ ತೆರೆದದ್ದು ಲಿಮ್ ಅಂಕಲ್ ಬಾಗಿಲೊಂದೇ.

ಅವರೇ ನನಗೆ ಕಲಿಸಿದರು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ನಮ್ಮ ರಾಗಿ ಮಾಲ್ಟಿನ ದಾಯಾದಿ. ಅದನ್ನು ತರಿತರಿಯಾಗಿ ಒಡೆದು, ಕುದಿಯದ ಬಿಸಿನೀರಿನಲ್ಲಿ ನೆನೆಹಾಕಿದರೆ ಕಾಳಿನ ಪಿಷ್ಟ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಇದಕ್ಕೆ ಮ್ಯಾಶ್ ಎನ್ನುತ್ತಾರೆ. ಆ ಸಿಹಿರಸವನ್ನು ಕುದಿಸಿ, ಯೀಸ್ಟ್ ಹಾಕಿ ಕೆಲವು ವಾರ ಹುದುಗಿಸಿದರೆ ಬಿಯರ್. ಸಿಗಬೇಕಾದ ಸಕ್ಕರೆಯಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬುದೇ ಎಫಿಶಿಯೆನ್ಸಿ. ರಸದಲ್ಲಿ ತೇಲಿಬಿಟ್ಟ ಗಾಜಿನ ಕಡ್ಡಿ ಅದನ್ನು ಹೇಳುತ್ತದೆ: ಸಿಹಿ ಹೆಚ್ಚಿದ್ದರೆ ಮೇಲೆ ತೇಲುತ್ತದೆ, ಇಲ್ಲದಿದ್ದರೆ ಮುಳುಗುತ್ತದೆ. ಕುಡಿಯುವವನು ನನ್ನ ಗಂಡ. ನನಗೆ ಖುಷಿ ಆ ಕಡ್ಡಿಯದು. ಇಲ್ಲಿಯ ತೇವದ ಸೆಕೆಗೆ ಕಾಳು ಬೇಗ ಹಳತಾಗುತ್ತದೆ, ಆದ್ದರಿಂದ ಅಂಕಲ್ ಮೊದಲು ನಾಲ್ಕು ಕಾಳು ಕಡಿದು ನೋಡುತ್ತಾರೆ. ಗರಿಗರಿಯಾಗಿದ್ದರೆ ತಾಜಾ, ಮೆತ್ತಗಿದ್ದರೆ ಹಳೆಯದು. ನನಗೂ ಅದೇ ಚಟ ಅಂಟಿತು.

ಎರಡನೇ ವರ್ಷ, ಚೀನೀ ಹೊಸ ವರ್ಷಕ್ಕೆ ಇನ್ನೂ ತಿಂಗಳ ಮೇಲಿರುವಾಗ, ಮಾತಿನ ಕೊನೆಗೆ 'ಆ', 'ಲಾ' ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ ಅಂಕಲ್ ಕರೆದರು: "ಸೆಕೆಂಡ್ ಡೇ ಕಮ್ ಮೈ ಹೌಸ್. ಬ್ರಿಂಗ್ ಯುವರ್ ಓನ್ ಬಿಯರ್ ಆ!" ಅದು ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರುವ ದಿನ. ಅವರ ಅಡುಗೆಮನೆಯವರೆಗೆ ಹೋಗಿದ್ದೆ, ಹಬ್ಬದ ಪಂಕ್ತಿಗೆ ಕೂತಿರಲಿಲ್ಲ. ಈ ದೇಶದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಒಂದು ಚೀಲ ಮಾಲ್ಟ್ ತರಿಸಿ ಅವರೇ ಎರಡು ಪಾಲು ಮಾಡಿ, ನನ್ನ ಪಾಲನ್ನು ಬಾಗಿಲಲ್ಲಿಟ್ಟು ಹೋದರು. ಆ ವಾರವೇ ಗದಗಿನಿಂದ ಅತ್ತೆ ಬಂದರು. ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ನಾನು ಮಾಲ್ಟನ್ನು ಬಾಂಬ್ ಶೆಲ್ಟರಿನಲ್ಲಿ ಅಕ್ಕಿಯ ಹಿಂದೆ ಬಚ್ಚಿಟ್ಟೆ. ಇಲ್ಲಿಯ ಹೊಸ ಫ್ಲ್ಯಾಟುಗಳಲ್ಲಿ ಯುದ್ಧಕಾಲಕ್ಕೆಂದು ಕಟ್ಟಿದ ದಪ್ಪ ಗೋಡೆಯ ಕೋಣೆ ಅದು, ಎಲ್ಲರೂ ಉಗ್ರಾಣ ಮಾಡಿಕೊಂಡಿರುತ್ತಾರೆ.

ಗಂಡ ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ದ ದಿನ ಮ್ಯಾಶ್ ಮಾಡಿದೆ. ಕಡ್ಡಿ ಮುಳುಗಿತು. ಇನ್ನೊಂದು ಗಂಟೆ ಕಾದೆ, ಮತ್ತೆ ಮುಳುಗಿತು. ನೆಕ್ಕಿದರೆ ಸಪ್ಪೆ ಗಂಜಿ. ಅಂಕಲ್ ತಮ್ಮ ಪಾಲಿನಲ್ಲಿ ಸ್ವಲ್ಪ ತೆಗೆದು ಮಾಡಿದ್ದಾಗ ಮಾತ್ರ ಸಿಹಿ ಸೊಗಸಾಗಿ ಇಳಿದಿತ್ತು. ಉಳಿದ ಕಾಳು ಕಡಿದೆ. ಗರಿಗರಿ ಇದ್ದರೂ ಬಣ್ಣ ಚೂರು ಕಂದು. ಹಂಚುವಾಗ ನಾನು ಎದುರಿಗಿರಲಿಲ್ಲವಲ್ಲ? ಹೋದ ವರ್ಷದ ಹಳೇ ಕಾಳನ್ನು ನನಗೆ ಸಾಗಹಾಕಿದರೇ?

ಹೋಗಿ ಕೇಳಿಯೇಬಿಟ್ಟೆ.

"ಸೇಮ್ ಸ್ಯಾಕ್ ಲಾ," ಅಂದರು. ಆಮೇಲೆ ನನ್ನ ಮುಖ ನೋಡಿದರು. "ಯು ಥಿಂಕ್ ಐ ಚೀಟ್ ಯು?"

ಇಲ್ಲ ಎಂದೆ, ಆದರೆ ತಡವಾಗಿ. ಅವರು ಬಾಗಿಲು ಮುಚ್ಚಿಕೊಂಡರು. ಇದ್ದೊಂದು ಬಾಗಿಲನ್ನೂ ಕಳೆದುಕೊಂಡೆನಲ್ಲ ಎಂದು ಅಳು ಬಂತು. ಆದರೂ ಅನುಮಾನ ಮಾತ್ರ ಹೋಗಲಿಲ್ಲ.

ಮರುದಿನ ಉಳಿದ ಮಾಲ್ಟನ್ನು ಎಸೆಯಲು ಹೊರಟಾಗ ಅತ್ತೆ ಅಡ್ಡ ಬಂದರು.

"ಯಾಕವಾ ಚೆಲ್ಲಾಕತ್ತಿ? ಹುಳಾ ಬಿದ್ದಾವೇನು? ಬೀಳಾಕ ಸಾಧ್ಯನ ಇಲ್ಲ. ನಿನ್ನ ರವಾದಾಗ ಹುಳಾ ಕಂಡ್ವು. ಮೊನ್ನೆ ನೀ ಕೆಲಸಕ್ಕ ಹೋದಾಗ ರವಾ ಹುರಿಯೂ ಮುಂದ ಅಕ್ಕಿ ಹಿಂದಿದ್ದ ಇದನ್ನೂ ಘಮ್ ಅನ್ನೂ ಹಂಗ ಹುರಿದಿಟ್ಟೀನಿ."

ಹುಳ ಬೀಳದಿರಲೆಂದು ರವೆ ಹುರಿದಿಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಆದರೆ ಪಿಷ್ಟವನ್ನು ಸಕ್ಕರೆ ಮಾಡುವ ಸತ್ವ ಬಾಣಲೆಯ ಕಾವಿಗೆ ಸತ್ತುಹೋಗುತ್ತದೆ.

"ಅತ್ತೀ, ಅದರಿಂದ ಏನ್ ಮಾಡ್ತೀವಂತ ಗೊತ್ತೈತೇನು?"

"ಗೊತ್ತಿಲ್ಲದೇನು? ನಿನ್ನ ಗಂಡ ಬಾಟ್ಲಿ ಎಲ್ಲಿ ಇಡ್ತಾನಂತನೂ ಗೊತ್ತೈತಿ. ನೀವು ಏನರ ಮಾಡ್ಕೋರಿ. ಕಾಳು ಏನ್ ತಪ್ಪು ಮಾಡೇತಿ? ಕಾಳು ಕೆಡಬಾರ್ದು."

ನಗಬೇಕೋ ಅಳಬೇಕೋ ತಿಳಿಯದೆ ಪಕ್ಕದ ಬಾಗಿಲು ಬಡಿದೆ. ಅಂಕಲ್ ತುಸುವೇ ತೆರೆದರು. ರವೆಯಿಂದ ಹಿಡಿದು ಎಲ್ಲ ಹೇಳಿದೆ. ಬಾಗಿಲನ್ನು ಪೂರ್ತಿ ತೆರೆದು ಕೆಮ್ಮು ಬರುವಷ್ಟು ನಕ್ಕರು. "ಫ್ರೈ ಎವ್ರಿಥಿಂಗ್ ಆ! ಯುವರ್ ಮದರ್-ಇನ್-ಲಾ ಪವರ್‌ಫುಲ್ ಲಾ!"

ಹುರಿದ ಕಾಳು ತಾನಾಗಿ ಸಿಹಿ ಬಿಡದು. ಹುರಿಯದ ತಾಜಾ ಕಾಳು ಜೊತೆಗಿದ್ದರೆ ಅದು ತನ್ನ ಪಿಷ್ಟದೊಂದಿಗೆ ಇದರದ್ದನ್ನೂ ಸಕ್ಕರೆ ಮಾಡುತ್ತದೆ. ಅಂಕಲ್ ತಮ್ಮ ಪಾಲಿನಿಂದ ಒಂದು ಬಕೆಟ್ ತುಂಬಿಸಿಕೊಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು. ಅವರೆದುರಿಗೇ ನಾಲ್ಕು ಕಾಳು ಕಡಿದು ನೋಡಿದೆ. ಅವರಿಗೆ ಮತ್ತೆ ನಗು. ಆ ಸಲ ಕಡ್ಡಿ ಮೇಲೆ ತೇಲಿತು.

ಹಬ್ಬದ ಎರಡನೇ ದಿನ ಅತ್ತೆ, ಇಲ್ಲಿಯ ಪದ್ಧತಿಯಂತೆ, ಎರಡು ಕಿತ್ತಳೆ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಆ ಮನೆಯ ಹೊಸ್ತಿಲು ದಾಟಿದರು. ಬಿಯರ್ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಕಲ್ ಮಕ್ಕಳು ಎರಡನೇ ಗ್ಲಾಸ್ ಕೇಳಿದರು. ಅತ್ತೆ ಬರೀ ನೀರು ಕುಡಿದು, ಹುರಿದದ್ದು ತಾವೇ ಎಂದು ಕನ್ನಡದಲ್ಲೇ ಎಲ್ಲರಿಗೂ ಹೇಳಿದರು.

ಈಚೆಗೆ ರಜೆಗೆಂದು ಗದಗಿಗೆ ಹೋಗಿದ್ದೆ. ಅತ್ತೆ ರವೆ ಹುರಿಯುತ್ತಿದ್ದರು. ಪಕ್ಕದ ಮೊರದಲ್ಲಿ ಜೋಳ ಇತ್ತು. ನನಗರಿವಿಲ್ಲದೆಯೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದೆ.

"ನನ್ನ ಮ್ಯಾಲೂ ಅನುಮಾನ ಏನವಾ?" ಅಂದರು.

"ಇಲ್ಲತ್ತೀ, ರೂಢಿ ಆಗೇತಿ."

"ಇದ್ಯಾವೂರ ರೂಢಿ? ನಮ್ಮೂರಾಗ ಯಾರೂ ಹಿಂಗ ಮಾಡಂಗಿಲ್ಲ."

ನಮ್ಮೂರು ಎನ್ನಲು ಬಾಯಿ ತೆರೆದೆ. ಗದಗನ್ನೋ ಸೆಂಗ್‌ಕಾಂಗನ್ನೋ, ಯಾವುದನ್ನು ಹಾಗೆ ಅನ್ನಲು ಹೊರಟಿದ್ದೆನೆಂದು ನನಗೇ ತಿಳಿಯಲಿಲ್ಲ. ಇನ್ನೆರಡು ಕಾಳು ಬಾಯಿಗೆ ಹಾಕಿಕೊಂಡೆ.