ತಪ್ಪಿ ಹೊಕ್ಕ ಮನೆ

ಗೆಳೆಯರೇ, ಇವತ್ತು ಬೆಳಿಗ್ಗೆ ರಾಯಚೂರು ಬಸ್ ನಿಲ್ದಾಣದಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ನಮ್ಮ ಮನಿಯಾಗ ಬೂಟು ಬಿಚ್ಚಿ ಕುಂತವರು ನೀವಽ ಅಲ್ಲೇನ್ರೀ?"

ಕುರ್ಡಿ ಊರಿನ ಬಸಮ್ಮನವರು! ನಲವತ್ತು ವರ್ಷದ ಮೇಲೂ ಗುರುತು ಹಿಡಿದಿದ್ದರು.

ಎಂಬತ್ತರ ದಶಕ. ನಾನು ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೊಸದಾಗಿ ಬಂದಿದ್ದ ಟೆಕ್ನಿಷಿಯನ್. ಬಿಡುವಿನಲ್ಲಿ ನವ್ಯ ಕತೆ ಬರೆಯುತ್ತಿದ್ದೆ. ನನ್ನ ಕತೆಯ ನಾಯಕನಿಗೆ ಎಷ್ಟು ಅಲೆದರೂ ತನ್ನ ಮನೆ ಯಾವುದೆಂದೇ ಗುರುತು ಸಿಗುತ್ತಿರಲಿಲ್ಲ, ಅದೇ ಅವನ ಆತಂಕ. ಒಂದು ಸಂಜೆ ಅವನನ್ನೇ ಯೋಚಿಸುತ್ತ ನಡೆದೆ. ಕ್ವಾರ್ಟರ್ಸುಗಳೆಲ್ಲ ಒಂದೇ ಥರ. ನಮ್ಮದೆಂದುಕೊಂಡ ಮನೆಯ ಬಾಗಿಲು ತೆರೆದಿತ್ತು, ನನ್ನ ಜೊತೆ ವಾಸವಿದ್ದ ಗೆಳೆಯ ಬಂದಿರಬೇಕೆಂದು ಒಳಗೆ ಹೋಗಿ ಬೂಟು ಬಿಚ್ಚಿ ಕುಳಿತೆ. ತಲೆಯೆತ್ತಿದರೆ ಗೋಡೆಯ ಮೇಲೆ ಯಾರದೋ ಮದುವೆ ಫೋಟೊ! ಗಡಬಡಿಸಿ ಮತ್ತೆ ಬೂಟಿಗೆ ಕೈ ಹಾಕಿದೆ.

ಅಡುಗೆಮನೆಯಿಂದ ಬಂದ ಬಸಮ್ಮ ಕಿರುಚಲಿಲ್ಲ. "ಹೊಸಬರೇನ್ರೀ? ಈ ವಾರದಾಗ ನೀವು ಮೂರನೇದವರು. ಕುಂದರ್ರಿ, ರೊಟ್ಟಿ ಮಾಡಾಕತ್ತೀನಿ, ಉಂಡು ಹೋಗೀರಂತ."

ಡ್ಯೂಟಿ ಮುಗಿಸಿ ಬಂದ ಅವರ ಗಂಡನೂ ಏನೂ ಕೇಳದೆ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತರು. ನಾಚಿಕೆಗೆ ನಾನೇ, ಬರೆಯುತ್ತಿದ್ದ ಆ ಕತೆಯನ್ನೆಲ್ಲ ಅವರಿಗೆ ಹೇಳಿದ್ದೆ.

ಇವತ್ತು ಬಸಮ್ಮನವರು ಅದನ್ನೇ ಕೇಳಿದರು. "ನಿಮ್ಮ ಕತಿಯಾಗಿನ ಆ ಮನುಷ್ಯಾಗ ಮನಿ ಸಿಕ್ತೇನ್ರೀ?"

"ಇಲ್ರೀ ಯವ್ವಾ, ಕಡೀತನಕ ಸಿಗಲಿಲ್ಲ."

"ಅಯ್ಯ, ಬಾಜೂ ಮನಿಯವರ್ನ ಕೇಳಬೇಕಿಲ್ಲೇನು?"

ಅವನ ಒಂಟಿತನವನ್ನು ವಿಮರ್ಶಕರು ಪುಟಗಟ್ಟಲೆ ಹೊಗಳಿದ್ದರು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವನು ಕೇಳಿದ್ದರೆ ಕತೆ ಮೊದಲ ಪುಟದಲ್ಲೇ ಮುಗಿಯುತ್ತಿತ್ತು, ನಾನೂ ಕತೆಗಾರ ಅನ್ನಿಸಿಕೊಳ್ಳುತ್ತಿರಲಿಲ್ಲ.