ಗ್ರೇಸ್ ಆಂಟಿ ಹುಡುಕಿದ ಹ್ಯಾನಾ

ಯಾರ ಮದುವೆಯ ಆಮಂತ್ರಣ ಕೈಗೆ ಬಂದರೂ ಗ್ರೇಸ್ ಆಂಟಿ ವಧೂವರರ ಹೆಸರು ಬಿಟ್ಟು ಮೊದಲು ಅಪ್ಪಂದಿರ ಹೆಸರು ಓದುತ್ತಿದ್ದರು. “ಒಂದೇ ಹೆಸರು ಹತ್ತು ಜನಕ್ಕಿರುತ್ತೆ ಕಣೋ. ಅಪ್ಪ ಯಾರು, ಸಾಕ್ಷಿ ಯಾರು, ಅದನ್ನ ನೋಡು” ಎನ್ನುತ್ತಿದ್ದರು.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಮೈಸೂರಿನಿಂದ ಬಂದು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಮನೆ ಮಾಡಿದಾಗ ಅವರು ಪಕ್ಕದ ಮನೆಯಲ್ಲಿದ್ದರು. ಕೋಲಾರದ ಚಿನ್ನದ ಗಣಿಯ ಊರಲ್ಲಿ ಬೆಳೆದ ಆಂಗ್ಲೋ ಇಂಡಿಯನ್, ನಿವೃತ್ತ ನರ್ಸ್. ಹೈವೇಯಲ್ಲಿ ಡ್ರೈವ್ ಮಾಡಲು ಹೆದರುತ್ತಿದ್ದರು. ಹಾಗಾಗಿ ಶನಿವಾರಗಳಂದು ಅವರನ್ನು ಚರ್ಚೊಂದರ ನೆಲಮಾಳಿಗೆಯ ಲೈಬ್ರರಿಗೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ಇಂಗ್ಲೆಂಡಿನ ಹಳೆಯ ಚರ್ಚುಗಳ ಮದುವೆ ರಿಜಿಸ್ಟರುಗಳನ್ನು ಅಲ್ಲಿ ಮೈಕ್ರೊಫಿಲ್ಮಿನಲ್ಲಿ ನೋಡಬಹುದಿತ್ತು. ಕಾರ್ನ್‌ವಾಲ್‌ನಿಂದ ಗಣಿಗೆ ಬಂದ ಮುತ್ತಜ್ಜ ವಿಲಿಯಂನ ಹುಟ್ಟೂರನ್ನು ಅವರು ಹುಡುಕುತ್ತಿದ್ದರು.

ಒಮ್ಮೆ ನಾನೇ ಆ ಹೆಸರು ಕಂಡು “ಸಿಕ್ಕಿದ ಆಂಟಿ!” ಎಂದು ಕೂಗಿದೆ.

“ಅಪ್ಪ?”

“ಜಾನ್. ಮೀನುಗಾರ.”

“ನಮ್ಮವನ ಅಪ್ಪ ಥಾಮಸ್, ಬಡಗಿ. ಕೋಲಾರದ ರಿಜಿಸ್ಟರಲ್ಲಿದೆ. ಮುಂದೆ ತಿರುಗಿಸು.”

ನಾಲ್ಕು ತಿಂಗಳ ಮೇಲೆ ಬಡಗಿ ಥಾಮಸನ ಮಗ ಸಿಕ್ಕಿದ. ಸಹಿಯೂ ಕೋಲಾರದ ರಿಜಿಸ್ಟರಿನಲ್ಲಿದ್ದದ್ದೇ. ಆದರೆ ಅದು ಹ್ಯಾನಾ ಎಂಬುವಳ ಜೊತೆ ಅವನ ಮದುವೆಯ ದಾಖಲೆ. ಐದು ವರ್ಷದ ನಂತರ ಕೋಲಾರದಲ್ಲಿ ಆಂಟಿಯ ಮುತ್ತಜ್ಜಿಯನ್ನು ಮದುವೆಯಾಗುವಾಗ ಅವನು ಅವಿವಾಹಿತ ಎಂದು ಬರೆಸಿದ್ದ. ಆಂಟಿ ಕನ್ನಡಕ ಒರೆಸಿ ಹಾಕಿಕೊಂಡು ಆ ಪುಟವನ್ನು ಮತ್ತೊಮ್ಮೆ ಓದಿದರು.

ಬೆಂಗಳೂರಿನಲ್ಲಿದ್ದ ಅವರ ತಮ್ಮ ಫೋನಿನಲ್ಲಿ, ಇದನ್ನು ವಂಶವೃಕ್ಷದಲ್ಲಿ ಹಾಕಿದರೆ ಮನೆತನದ ಮಾನ ಹೋಗುತ್ತದೆ ಎಂದು ಕಿರುಚಾಡಿದನಂತೆ. “ಅವನಿಗೆ ಮಾನದ ಚಿಂತೆ. ಆ ಹುಡುಗಿ ಏನಾದಳೋ ಅಂತ ನನ್ನ ಚಿಂತೆ” ಎಂದರು ಆಂಟಿ. ರಕ್ತಸಂಬಂಧವಿಲ್ಲದ ಹ್ಯಾನಾಳನ್ನು ಮತ್ತೆ ಒಂದು ವರ್ಷ ಹುಡುಕಿದರು.

ಸಮಾಧಿಯ ದಾಖಲೆಗಳಲ್ಲಿ ಅವಳಿರಲಿಲ್ಲ. ಸಿಕ್ಕಿದ್ದು ಅದೇ ಊರಿನ ಮದುವೆ ಪುಸ್ತಕದಲ್ಲಿ. ಹ್ಯಾನಾ, ವಿಧವೆ, ಅಪ್ಪನ ಹೆಸರು ಮೊದಲ ದಾಖಲೆಯಲ್ಲಿದ್ದದ್ದೇ, ವರ ಕಮ್ಮಾರ. ಸಹಿಯ ಜಾಗದಲ್ಲಿ, ಬರೆಯಲು ಬಾರದ ಅವಳದೊಂದು ಅಡ್ಡಗೀಟಿನ ಗುರುತು. ಆಗ ವಿಲಿಯಂ ಕೋಲಾರದಲ್ಲಿ ಮೂರು ಮಕ್ಕಳ ತಂದೆ.

“ಗಂಡ ಸತ್ತ ಅಂತ ಅವಳಿಗೆ ಯಾರು ಹೇಳಿದ್ರೋ, ಅವಳೇ ಹೇಳ್ಕೊಂಡ್ಳೋ” ಎಂದ ಆಂಟಿ ಕಣ್ಣೊರೆಸಿಕೊಂಡರು. “ಹೋಗ್ಲಿ, ಬದುಕಿದ್ಳಲ್ಲ.” ಆ ಸಂಜೆಯೇ ಹ್ಯಾನಾಳ ಹೆಸರನ್ನು ವಂಶವೃಕ್ಷದಲ್ಲಿ ಬರೆದರು. ಆ ಊರಿನ ಪಾದ್ರಿಗೂ, ಅವಳ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕಾಗದ ಹಾಕಿದರು. ತಮ್ಮ ಆರು ತಿಂಗಳು ಮಾತುಬಿಟ್ಟ.

ಮುಂದೆ ಆಂಟಿ ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿದ್ದ ಮಗಳ ಮನೆಗೆ ಹೋದರು. ಕೊನೆಯ ಸಲ ನಾನು ಹೋದಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದಿಂಬಿನಡಿಯಿಂದ ಕಾಗದ ತೆಗೆದು ಓದಿಸಿದರು. ಬರೆದವರು, ಆ ಪಾದ್ರಿಯ ಮೂಲಕ ಆಂಟಿಯ ವಿಳಾಸ ಪಡೆದ ಹ್ಯಾನಾಳ ಮರಿಮಗಳು. ಹ್ಯಾನಾಳ ಮೊದಲ ಗಂಡ ಹಡಗು ಮುಳುಗಿ ಸತ್ತನೆಂದೇ ತಮ್ಮ ಮನೆಯ ನಂಬಿಕೆ. ನಿಮಗೆ ಬೇರೆ ಏನಾದರೂ ಗೊತ್ತೇ ಎಂದು ಕೇಳಿದ್ದರು.

“ಏನು ಬರೀಲಿ ಆಂಟಿ?”

“ನಿಜ ಬರಿ. ನಮ್ಮಿಂದ ತಪ್ಪಾಯ್ತು ಅಂತಾನೂ ಬರಿ.”

ಅವರ ಕೈಹಿಡಿದು ಸಹಿ ಮಾಡಿಸಿ ಪೋಸ್ಟ್ ಮಾಡಿದೆ. ಉತ್ತರ ಬರುವ ಹೊತ್ತಿಗೆ ಆಂಟಿ ತೀರಿಕೊಂಡು ಮೂರು ವಾರವಾಗಿತ್ತು. ಮಗಳು ಫೋನಿನಲ್ಲಿ ಓದಿ ಹೇಳಿದಳು. ಅದರಲ್ಲಿ ದೂರಿರಲಿಲ್ಲ. ಒಂದೇ ಪ್ರಶ್ನೆಯಿತ್ತು: “ಕೋಲಾರದ ನಿಮ್ಮ ಮುತ್ತಜ್ಜಿಯ ಹೆಸರೇನು? ನಮ್ಮ ವಂಶವೃಕ್ಷದಲ್ಲಿ ಬರೆದುಕೊಳ್ಳಬೇಕು.”